ದೊಡ್ಡ ಬೈಕಿಗೂ ಸ್ಪೋರ್ಟ್ಸ್ ಕಾರಿಗೂ ಒಂದೇ ತೆರಿಗೆ: ವೇಗದ ಲೆಕ್ಕ ಬೇರೆ, ಅಪಾಯದ ಲೆಕ್ಕ ಬೇರೆ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. 350 ಸಿಸಿವರೆಗಿನ ಬೈಕುಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಬೈಕುಗಳಿಗೆ ಮೊದಲು ಸೆಸ್ ಸೇರಿ ಶೇ 31 ಇತ್ತು, ಈಗ ಶೇ 40 ಆಗಿದೆ. ದೊಡ್ಡ ಕಾರುಗಳ ಕಥೆ ಇದಕ್ಕೆ ಉಲ್ಟಾ. ಸೆಸ್ ಸೇರಿ ಶೇ 45ರಿಂದ ಶೇ 50ರವರೆಗೆ ಇದ್ದದ್ದು ಶೇ 40ಕ್ಕೆ ಬಂದಿದೆ. ಹಾಗಾಗಿ ಇವತ್ತು ನಾನೂರು ಸಿಸಿ ಬೈಕೂ ಕೋಟಿ ರೂಪಾಯಿಯ ಸ್ಪೋರ್ಟ್ಸ್ ಕಾರೂ ಒಂದೇ ಸಾಲಿನಲ್ಲಿ ನಿಂತಿವೆ.

ಇದರಿಂದ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಬೈಕು ಪ್ರಿಯರಲ್ಲಿ ಎರಡು ಪ್ರಶ್ನೆ ಎದ್ದಿವೆ. ದೊಡ್ಡ ಬೈಕು ನಿಜವಾಗಲೂ ಸ್ಪೋರ್ಟ್ಸ್ ಕಾರಿನಷ್ಟು ವೇಗದ್ದಾ? ವೇಗದ್ದೇ ಆದರೆ, ಅಪಾಯ ಕಡಿಮೆ ಮಾಡೋದಕ್ಕೆ ಸರ್ಕಾರ ಈ ತೆರಿಗೆ ಹಾಕಿದೆಯಾ? ಮೊದಲ ಪ್ರಶ್ನೆಗೆ ಉತ್ತರ ಹೌದು, ಕೆಲವು ಕಡೆ ಕಾರಿಗಿಂತ ಜಾಸ್ತಿಯೇ. ಎರಡನೆಯದಕ್ಕೆ ಉತ್ತರ ಇಲ್ಲ. ಈ ಎರಡನ್ನೂ ಬಿಡಿಸಿ ನೋಡಬೇಕು, ಯಾಕೆಂದರೆ ಇವೆರಡನ್ನು ಬೆರೆಸಿದಾಗಲೇ ಗೊಂದಲ ಶುರುವಾಗುತ್ತದೆ.

ತೆರಿಗೆ ಅಳೆಯುವುದು ಸಿಸಿಯನ್ನು

ಜಿಎಸ್‌ಟಿಯಲ್ಲಿ ಶೇ 40ರ ದರ ಇರುವುದು ಐಷಾರಾಮಿ ವಸ್ತುಗಳಿಗೆ ಮತ್ತು ಚಟದ ವಸ್ತುಗಳಿಗೆ. ದೊಡ್ಡ ಬೈಕು ಅದರಲ್ಲಿ ಸೇರಿದ್ದು ದುಬಾರಿ ಎಂಬ ಕಾರಣಕ್ಕೆ, ಅಪಾಯಕಾರಿ ಎಂಬ ಕಾರಣಕ್ಕಲ್ಲ. ಗೆರೆ ಎಳೆದಿರುವುದು ಎಂಜಿನ್ನಿನ ಗಾತ್ರದ ಮೇಲೆ.

ಲೆಕ್ಕ ಹಾಕಿ ನೋಡಿ. ತೆರಿಗೆಗೆ ಮುಂಚೆ 10 ಲಕ್ಷ ರೂಪಾಯಿ ಇರುವ ಬೈಕು ಮೊದಲು 13.1 ಲಕ್ಷಕ್ಕೆ ಸಿಗುತ್ತಿತ್ತು, ಈಗ 14 ಲಕ್ಷ. ಅಷ್ಟೇ ಬೆಲೆಯ ಕಾರು ಹಳೆಯ ಶೇ 48ರ ಸಾಲಿನಲ್ಲಿ ಇದ್ದಿದ್ದರೆ 14.8 ಲಕ್ಷ ಆಗುತ್ತಿತ್ತು, ಈಗ ಅದೂ 14 ಲಕ್ಷ. ವಿದೇಶದಿಂದ ಪೂರ್ತಿ ತಯಾರಾಗಿ ಬರುವ ಗಾಡಿಗಳ ಮೇಲೆ ಕಸ್ಟಮ್ಸ್ ಸುಂಕ ಬೇರೆ ಬೀಳುತ್ತದೆ, ಆ ಮಾತು ಬೇರೆ.

ಸಿಸಿ ಅಂದರೆ ವೇಗವಲ್ಲ. ಈ ಒಂದು ವಿಷಯ ಅರ್ಥವಾದರೆ ಅರ್ಧ ಗೊಂದಲ ಕರಗುತ್ತದೆ.

ಒಂದು ಪಿಎಸ್ ಎಷ್ಟು ಕೆಜಿ ಎಳೆಯಬೇಕು?

ಗಾಡಿ ಎಷ್ಟು ಬೇಗ ವೇಗ ಹಿಡಿಯುತ್ತದೆ ಎಂಬುದು ಶಕ್ತಿ ಮತ್ತು ತೂಕ ಎರಡರ ಮೇಲೂ ನಿಂತಿದೆ. ಶಕ್ತಿಯನ್ನು ಪಿಎಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದು ಹೆಚ್ಚುಕಡಿಮೆ ಹಾರ್ಸ್ ಪವರ್‌ಗೆ ಸಮ. 75 ಕೆಜಿಯ ಒಬ್ಬ ಸವಾರನನ್ನು ಸೇರಿಸಿಕೊಂಡು, ಒಂದು ಪಿಎಸ್ ಎಷ್ಟು ತೂಕ ಎಳೆಯಬೇಕು ಎಂದು ನೋಡೋಣ.

ಸುಜುಕಿ ಹಯಾಬುಸಾಗೆ 1340 ಸಿಸಿ ಎಂಜಿನ್, 190 ಪಿಎಸ್ ಶಕ್ತಿ, 266 ಕೆಜಿ ತೂಕ. ಸವಾರ ಕೂತ ಮೇಲೆ ಒಂದು ಪಿಎಸ್ ಪಾಲಿಗೆ ಬರುವುದು 1.8 ಕೆಜಿ. ಪೋರ್ಷೆ 911 ಕರೇರಾ ಕಾರಿಗೆ 394 ಪಿಎಸ್ ಇದ್ದರೂ ಅದರ ತೂಕ ಸುಮಾರು 1,520 ಕೆಜಿ. ಅಲ್ಲಿ ಒಂದು ಪಿಎಸ್ ಸುಮಾರು 4 ಕೆಜಿ ಹೊರಬೇಕು. ನಮ್ಮ ಊರುಗಳಲ್ಲಿ ಎಲ್ಲೆಲ್ಲೂ ಕಾಣುವ ಸ್ವಿಫ್ಟ್ ಕಾರಿನಲ್ಲಿ ಈ ಲೆಕ್ಕ ಸುಮಾರು 12 ಕೆಜಿಗೆ ಬರುತ್ತದೆ.

ಈಗ 399 ಸಿಸಿಯ ಕೆಟಿಎಂ 390 ಡ್ಯೂಕ್ ನೋಡಿ. 46 ಪಿಎಸ್, 168 ಕೆಜಿ. ಒಂದು ಪಿಎಸ್‌ಗೆ 5.3 ಕೆಜಿ. ಅಂದರೆ ಸುಮಾರು ಮೂರು ಲಕ್ಷದ ಈ ಬೈಕು ಸ್ವಿಫ್ಟ್‌ಗಿಂತ ಪೋರ್ಷೆಗೇ ಹತ್ತಿರ! ಶೂನ್ಯದಿಂದ 100 ಕಿಮೀ ವೇಗಕ್ಕೆ ಅದು ಆರು ಸೆಕೆಂಡಿನ ಆಸುಪಾಸಿನಲ್ಲಿ ತಲುಪುತ್ತದೆ. ಕಾರಿನಲ್ಲಿ ಇಷ್ಟು ಪಿಕಪ್ ಬೇಕೆಂದರೆ ಇದರ ಹಲವು ಪಟ್ಟು ದುಡ್ಡು ಸುರಿಯಬೇಕು.

ಇನ್ನೊಂದು ಕಡೆ, 349 ಸಿಸಿಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್‌ನಲ್ಲಿ ಒಂದು ಪಿಎಸ್ 13 ಕೆಜಿಗಿಂತ ಜಾಸ್ತಿ ಎಳೆಯಬೇಕು. 155 ಸಿಸಿಯ ಯಮಾಹಾ ಆರ್15ನಲ್ಲಿ 12 ಕೆಜಿಗೂ ಕಡಿಮೆ. ಸಿಸಿಯಲ್ಲಿ ಅರ್ಧಕ್ಕಿಂತ ಚಿಕ್ಕದಾದರೂ ಪಿಕಪ್‌ನಲ್ಲಿ ಆರ್15 ಮುಂದೆ. ಎರಡಕ್ಕೂ ತೆರಿಗೆ ಶೇ 18. ಸಿಸಿ ಹಿಡಿದು ವೇಗ ಅಳೆಯಲು ಹೋದರೆ ಹೀಗೆ ಎಡವಟ್ಟಾಗುತ್ತದೆ.

ಮೂರು ಸೆಕೆಂಡಿನ ಗೋಡೆ

ಹಯಾಬುಸಾಗೆ ಪೋರ್ಷೆ ಕರೇರಾದ ಎರಡು ಪಟ್ಟು ಅನುಕೂಲ ಇದೆ ಎಂದಾದರೆ 100 ಕಿಮೀ ತಲುಪಲು ಅರ್ಧ ಸಮಯ ಸಾಕಲ್ಲವಾ? ಸಾಲುವುದಿಲ್ಲ. ಕರೇರಾಗೆ 4 ಸೆಕೆಂಡು ಬೇಕು, ಹಯಾಬುಸಾಗೆ 3 ಸೆಕೆಂಡಿನ ಸುತ್ತಮುತ್ತ. ಪೋರ್ಷೆಯ ಇನ್ನೂ ಬಲಿಷ್ಠ ಮಾದರಿ 911 ಟರ್ಬೊ ಎಸ್ 2.5 ಸೆಕೆಂಡಿನಲ್ಲೇ ಮುಟ್ಟುತ್ತದೆ.

ಕಾರಣ ಬೈಕಿನ ಆಕಾರದಲ್ಲೇ ಇದೆ. ಬೈಕಿನ ಉದ್ದ ಕಡಿಮೆ, ಅದರ ಭಾರವೆಲ್ಲ ಎತ್ತರದಲ್ಲಿ. ಥ್ರಾಟಲ್ ಜೋರಾಗಿ ತಿರುವಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಹಾಗೆ ಏಳುವ ಮಿತಿ ಸುಮಾರಾಗಿ ಭೂಮಿಯ ಸೆಳೆತಕ್ಕೆ ಸಮನಾದ ಬಲ. ಆ ಮಿತಿಯಲ್ಲೇ ಓಡಿಸಿದರೂ 100 ಕಿಮೀ ತಲುಪಲು 2.8 ಸೆಕೆಂಡು ಹಿಡಿಯುತ್ತದೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ಈ ಗೋಡೆ ದಾಟುವುದು ಕಷ್ಟ. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಕಾರಿಗೆ ಈ ತೊಂದರೆ ಇಲ್ಲ.

100 ದಾಟಿದ ಮೇಲೆ ಆಟ ಬದಲಾಗುತ್ತದೆ. ಚಕ್ರ ಏಳುವ ಭಯ ಕಡಿಮೆಯಾಗಿ ಬೈಕಿನ ಹಗುರತನ ಕೆಲಸಕ್ಕೆ ಬರುತ್ತದೆ. 100ರಿಂದ 200ರವರೆಗೆ ಬೈಕನ್ನು ಹಿಡಿಯಬಲ್ಲ ಕಾರುಗಳು ಬಹಳ ಕಡಿಮೆ. 250 ದಾಟಿದರೆ ಮತ್ತೆ ಕಾರಿನ ಕಡೆ ವಾಲುತ್ತದೆ. ಬೈಕು ಮತ್ತು ಸವಾರನ ಆಕಾರ ಗಾಳಿ ಸೀಳುವುದರಲ್ಲಿ ಕಾರಿನಷ್ಟು ನಯವಾಗಿಲ್ಲ.

ತಿರುವಿನಲ್ಲಿ ಕಾರೇ ಮುಂದೆ

ನೇರ ರಸ್ತೆ ಬಿಟ್ಟು ತಿರುವಿಗೆ ಬಂದರೆ ಬೈಕು ಹಿಂದೆ ಬೀಳುತ್ತದೆ. ನೋಯ್ಡಾ ಹತ್ತಿರದ ಬುದ್ಧ ಸರ್ಕ್ಯೂಟ್ ಇದಕ್ಕೆ ಒಳ್ಳೆಯ ಸಾಕ್ಷಿ. 2011ರಲ್ಲಿ ಅಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ನಡೆದಾಗ ಸೆಬಾಸ್ಟಿಯನ್ ವೆಟ್ಟೆಲ್ ಸುಮಾರು 1 ನಿಮಿಷ 24 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸಿ ಪೋಲ್, ಅಂದರೆ ರೇಸಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ ಪಡೆದರು. 2023ರಲ್ಲಿ ಅದೇ ಟ್ರ್ಯಾಕಿನಲ್ಲಿ ಮೋಟೋಜಿಪಿ ಬೈಕ್ ರೇಸ್ ನಡೆಯಿತು. ಮಾರ್ಕೊ ಬೆಜ್ಜೆಕ್ಕಿ ಅವರ ಪೋಲ್ ಸಮಯ ಸುಮಾರು 1 ನಿಮಿಷ 44 ಸೆಕೆಂಡು. ನಡುವೆ ಟ್ರ್ಯಾಕಿನಲ್ಲಿ ಚಿಕ್ಕಪುಟ್ಟ ಬದಲಾವಣೆ ಆಗಿತ್ತು. ಆದರೂ 20 ಸೆಕೆಂಡಿನ ಅಂತರ ಅದರಿಂದ ಬಂದದ್ದಲ್ಲ. ಮೋಟೋಜಿಪಿ ಬೈಕುಗಳು ನೇರದಲ್ಲಿ 360 ಕಿಮೀ ದಾಟುತ್ತವೆ. ಸೋಲುವುದು ತಿರುವಿನಲ್ಲಿ ಮತ್ತು ಬ್ರೇಕಿನಲ್ಲಿ.

ರೇಸ್ ಗಾಡಿಗಳ ಅಂತರ ರಸ್ತೆ ಗಾಡಿಗಳಲ್ಲಿ ಅಷ್ಟೊಂದು ಇರುವುದಿಲ್ಲ. ಆದರೆ ಕಾರಣ ಒಂದೇ. ಕಾರಿಗೆ ನಾಲ್ಕು ಅಗಲದ ಟೈರು. ಬೈಕು ನೆಲ ಮುಟ್ಟುವುದು ಅಂಗೈಯಷ್ಟು ಅಗಲದ ಎರಡೇ ಜಾಗದಲ್ಲಿ. ತಿರುಗುವುದಕ್ಕೂ ಬ್ರೇಕ್ ಹಿಡಿಯುವುದಕ್ಕೂ ಆ ಎರಡು ಅಂಗೈಯ ಹಿಡಿತವನ್ನೇ ಹಂಚಿಕೊಳ್ಳಬೇಕು.

ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಿ ಇದರ ಅರ್ಥ ಚೆನ್ನಾಗಿ ಆಗುತ್ತದೆ. ಸವಾರ ವೇಗವಾಗಿ ತಿರುವಿಗೆ ನುಗ್ಗುತ್ತಾನೆ. ತಿರುವು ಅಂದುಕೊಂಡದ್ದಕ್ಕಿಂತ ಬಿಗಿಯಾಗಿರುತ್ತದೆ. ಗಾಬರಿಯಲ್ಲಿ ಬ್ರೇಕ್ ಹಿಡಿಯುತ್ತಾನೆ. ಹಿಡಿದ ಕೂಡಲೇ ವಾಲಿದ್ದ ಬೈಕು ನೆಟ್ಟಗಾಗುತ್ತದೆ, ನೆಟ್ಟಗಾದ ಬೈಕು ನೇರ ಹೋಗುತ್ತದೆ, ಅಂದರೆ ಎದುರು ಬರುವ ಲಾರಿಯ ದಾರಿಗೆ. ಕಾರಿನಲ್ಲಿ ಇದೇ ತಪ್ಪು ಮಾಡಿದರೆ ಟೈರು ಕಿರುಚುತ್ತದೆ, ಎಲೆಕ್ಟ್ರಾನಿಕ್ಸ್ ಸಹಾಯಕ್ಕೆ ಬರುತ್ತದೆ, ಬಹಳಷ್ಟು ಸಲ ಕಾರು ರಸ್ತೆಯಲ್ಲೇ ಉಳಿಯುತ್ತದೆ.

60ರವನು ನಿಂತ ಜಾಗದಲ್ಲಿ 120ರವನು ಬ್ರೇಕ್ ಮುಟ್ಟಿರುವುದಿಲ್ಲ

ಅಡ್ಡ ಏನಾದರೂ ಬಂದಾಗ ಕಣ್ಣು ನೋಡಿ, ತಲೆ ತೀರ್ಮಾನಿಸಿ, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡು ಕಳೆಯುತ್ತದೆ. 60 ಕಿಮೀ ವೇಗದಲ್ಲಿ ಅಷ್ಟರಲ್ಲಿ ಗಾಡಿ 25 ಮೀಟರು ಹೋಗಿರುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ ನಿಲ್ಲಲು ಇನ್ನು 20 ಮೀಟರು ಬೇಕು. ಒಟ್ಟು 45 ಮೀಟರು.

120ರಲ್ಲಿ? ಬ್ರೇಕ್ ಹಿಡಿಯುವ ಮುಂಚೆಯೇ 50 ಮೀಟರು ಕಳೆದುಹೋಗಿರುತ್ತದೆ. 60ರವನು ಪೂರ್ತಿ ನಿಂತ ಜಾಗವನ್ನು 120ರವನು ಪೂರ್ತಿ ವೇಗದಲ್ಲೇ ದಾಟುತ್ತಾನೆ. ಆಮೇಲೆ ನಿಲ್ಲಲು ಇನ್ನೂ ಸುಮಾರು 80 ಮೀಟರು. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಇದು ಕಾರಿಗೂ ಬೈಕಿಗೂ ಒಂದೇ ನಿಯಮ. ರಾತ್ರಿ ಲೋ ಬೀಮ್ ಬೆಳಕು ಸರಿಯಾಗಿ ತೋರಿಸುವುದು ಸುಮಾರು 50 ಮೀಟರು ಎಂಬುದನ್ನೂ ಜೊತೆಗಿಟ್ಟು ನೋಡಿ.

ಬೈಕಿನಲ್ಲಿ ಇನ್ನೊಂದು ಕಷ್ಟ ಇದೆ. ಕಾರಿನಲ್ಲಿ ಗಾಬರಿಯಾದರೆ ಪೆಡಲ್ ಒತ್ತಿ ಹಿಡಿದರೆ ಸಾಕು. ಬೈಕಿನಲ್ಲಿ ಮುಂದಿನ, ಹಿಂದಿನ ಬ್ರೇಕನ್ನು ಬೇರೆ ಬೇರೆಯಾಗಿ ಅಳೆದು ಹಿಡಿಯಬೇಕು. ಎಬಿಎಸ್ ಅಂದರೆ ಬ್ರೇಕ್ ಜೋರಾಗಿ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಅದಿಲ್ಲದ ಬೈಕಿನ ಮುಂದಿನ ಚಕ್ರ ಲಾಕ್ ಆದರೆ ಕ್ಷಣದಲ್ಲಿ ಬೈಕು ನೆಲಕ್ಕೆ ಬೀಳುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ ಇದೆ. ಚಿಕ್ಕ ಬೈಕುಗಳಿಗೂ ಅದನ್ನು ತರುವ ಕರಡು ನಿಯಮವನ್ನು ಕೇಂದ್ರ ಸರ್ಕಾರ 2025ರಲ್ಲಿ ಹೊರಡಿಸಿತು. ಅತಿ ಹೆಚ್ಚು ಜನ ಓಡಿಸುವುದು ಚಿಕ್ಕ ಬೈಕುಗಳನ್ನೇ ಆದ್ದರಿಂದ, ಸವಾರರ ಜೀವದ ದೃಷ್ಟಿಯಿಂದ ಜಿಎಸ್‌ಟಿ ಸುದ್ದಿಗಿಂತ ಇದು ದೊಡ್ಡ ಸುದ್ದಿ.

ಸಾಯುವವರು ಯಾರು?

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಜನ ದ್ವಿಚಕ್ರ ವಾಹನದಲ್ಲಿ ಇದ್ದವರು, ಅಂದರೆ ನೂರಕ್ಕೆ 44ಕ್ಕೂ ಹೆಚ್ಚು. ಹೆಲ್ಮೆಟ್ ಹಾಕದೆ ಸತ್ತವರು 50,029. ಇವರಲ್ಲಿ ಬಹುಪಾಲು ಜನ ಹಯಾಬುಸಾ ಸವಾರರಲ್ಲ. ಅಂಥ ಬೈಕುಗಳು ಇರುವುದೇ ಕೆಲವು. ಸತ್ತವರು ಕೆಲಸಕ್ಕೆ, ಸಂತೆಗೆ, ಹೊಲಕ್ಕೆ ಹೊರಟಿದ್ದ ಸಾಮಾನ್ಯ ಬೈಕಿನ ಜನ.

1981ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಲಿನ ಸುಮಾರು 900 ಬೈಕ್ ಅಪಘಾತಗಳ ಅಧ್ಯಯನವೊಂದು ಪ್ರಕಟವಾಯಿತು. ಅಪಘಾತಕ್ಕೆ ಮುಂಚೆ ಅರ್ಧದಷ್ಟು ಬೈಕುಗಳ ವೇಗ ಗಂಟೆಗೆ ಸುಮಾರು 48 ಕಿಮೀ ಅಥವಾ ಅದಕ್ಕಿಂತ ಕಡಿಮೆ ಇತ್ತು. ಬೇರೆ ವಾಹನ ಜೊತೆಗಿದ್ದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ಆ ಬೇರೆ ವಾಹನದವರು ಬೈಕಿಗೆ ದಾರಿ ಬಿಡದೆ ಅಡ್ಡ ಬಂದದ್ದರಿಂದ ಆದವು. ಬೈಕು ಕಿರಿದಾಗಿರುವುದರಿಂದ ಎದುರಿನವರಿಗೆ ಅದು ದೂರದಲ್ಲಿದೆ, ನಿಧಾನ ಬರುತ್ತಿದೆ ಎಂದೇ ಕಾಣುತ್ತದೆ. ಪಿಕಪ್ ಜಾಸ್ತಿ ಇರುವ ಬೈಕಿನಲ್ಲಿ ಈ ಮೋಸ ಇನ್ನೂ ದೊಡ್ಡದು. ಕಾರಿನವರು ಒಮ್ಮೆ ನೋಡಿ, ಇನ್ನೊಂದು ಕಡೆ ತಿರುಗಿ ನೋಡುವಷ್ಟರಲ್ಲಿ ಬೈಕು ಮುಂದೆಯೇ ಬಂದಿರುತ್ತದೆ.

ಹಾಗಾದರೆ ವೇಗದ ಬೈಕಿಗೆ ಬೇರೆ ಅಪಾಯವೇ ಇಲ್ಲವಾ? ಇದೆ. ಅಮೆರಿಕದ ವಿಮಾ ಕ್ಷೇತ್ರದ ಹೆದ್ದಾರಿ ಸುರಕ್ಷತಾ ಸಂಸ್ಥೆಯು ನೋಂದಣಿಯಾದ ಪ್ರತಿ ಹತ್ತು ಸಾವಿರ ಬೈಕುಗಳ ಲೆಕ್ಕ ತೆಗೆದಾಗ, ರೇಸ್ ಮಾದರಿಯ ಬೈಕುಗಳಲ್ಲಿ ಸಾವಿನ ಪ್ರಮಾಣ ಆರಾಮವಾಗಿ ಕೂತು ಓಡಿಸುವ ಕ್ರೂಸರ್ ಬೈಕುಗಳಿಗಿಂತ ಸುಮಾರು ನಾಲ್ಕು ಪಟ್ಟು ಕಂಡಿತು. ಎರಡೂ ಮಾತು ನಿಜ. ಒಟ್ಟು ಸಾವು ಎಣಿಸಿದರೆ ಚಿಕ್ಕ ಬೈಕುಗಳದ್ದೇ ಜಾಸ್ತಿ, ಯಾಕೆಂದರೆ ಅವೇ ಜಾಸ್ತಿ ಇವೆ. ಒಂದೊಂದು ಬೈಕಿನ ಲೆಕ್ಕ ತೆಗೆದರೆ ವೇಗದ್ದೇ ಹೆಚ್ಚು ಅಪಾಯ. ವಾದ ಮಾಡುವವರು ಸಾಮಾನ್ಯವಾಗಿ ಇವೆರಡರಲ್ಲಿ ಒಂದನ್ನೇ ಹಿಡಿದುಕೊಳ್ಳುತ್ತಾರೆ.

ಕಾರಿಗೆ ಹೋಲಿಸಿದರಂತೂ ಅಂತರ ಬಹಳ ದೊಡ್ಡದು. ಅಮೆರಿಕದ ಸರ್ಕಾರಿ ಅಂಕಿಗಳ ಪ್ರಕಾರ, ಓಡಿದ ದೂರ ಒಂದೇ ಇದ್ದರೆ ಬೈಕ್ ಸವಾರ ಸಾಯುವ ಸಾಧ್ಯತೆ ಕಾರಿನಲ್ಲಿರುವವರಿಗಿಂತ 20 ಪಟ್ಟಿಗೂ ಜಾಸ್ತಿ. ಕಾರಿನಲ್ಲಿ ಡಿಕ್ಕಿಯ ಪೆಟ್ಟನ್ನು ಮೊದಲು ಮುಂಭಾಗದ ತಗಡು ನುಂಗುತ್ತದೆ, ಆಮೇಲೆ ಸೀಟ್ ಬೆಲ್ಟ್, ಆಮೇಲೆ ಏರ್‌ಬ್ಯಾಗ್. ಬೈಕಿನಲ್ಲಿ ನುಂಗುವುದು ಸವಾರನ ಮೈ.

ನಮ್ಮ ರಸ್ತೆಗಳ ಪಾಲು

ರೇಸ್ ಟ್ರ್ಯಾಕಿನ ಲೆಕ್ಕವನ್ನು ಇಲ್ಲಿನ ರಸ್ತೆಗೆ ತಂದರೆ ಇನ್ನೂ ಬಿಗಿಯಾಗುತ್ತದೆ. ಅಣ್ಣಿಗೇರಿ, ಗದಗ ಕಡೆಯ ಎರೆ ನೆಲದಲ್ಲಿ ಮಳೆ ಬಿದ್ದಾಗ ಹೊಲದಿಂದ ಏರುವ ಟ್ರ್ಯಾಕ್ಟರ್ ಚಕ್ರಗಳು ಮಣ್ಣಿನ ಹೆಂಟೆಗಳನ್ನು ಡಾಂಬರಿನ ಮೇಲೆ ಉದುರಿಸುತ್ತಾ ಹೋಗುತ್ತವೆ. ಒದ್ದೆ ಎರೆ ಮಣ್ಣು ಸೋಪಿನ ಹಾಗೆ ಜಾರುತ್ತದೆ. ಕಾರಿನ ಒಂದು ಚಕ್ರ ಅದರ ಮೇಲೆ ಹೋದರೆ ಉಳಿದ ಮೂರು ಹಿಡಿದುಕೊಳ್ಳುತ್ತವೆ. ಬೈಕಿಗೆ ಉಳಿಯುವುದು ಒಂದೇ ಚಕ್ರ. ಹಾವೇರಿ ಕಡೆ ಗೋವಿನಜೋಳದ ಸುಗ್ಗಿಯಲ್ಲಿ ರಸ್ತೆಯಂಚಿನಲ್ಲೇ ಕಾಳು ಹರವುತ್ತಾರೆ. ರೈತರಿಗೆ ಕಣ ಇಲ್ಲ, ಒಣಗಿಸಲು ಬೇರೆ ಜಾಗ ಇಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ಜಾಗ ಮಾಡಿಕೊಡಬೇಕು. ಆದರೆ ಆ ಕಾಳಿನ ಮೇಲೆ ವಾಲಿಕೊಂಡು ಬರುವ ಬೈಕಿನ ಗತಿ ಏನೆಂದು ಹೇಳಬೇಕಾಗಿಲ್ಲ.

ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಲಿ, ಹೆದ್ದಾರಿ ಬದಿಗೆ ನಿಲ್ಲಿಸಿದ ಲಾರಿ ಎಲ್ಲರಿಗೂ ಅಪಾಯ. 2024ರ ಜೂನ್ 28ರಂದು ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಹತ್ತಿರ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಗುದ್ದಿ 13 ಜನ ತೀರಿಹೋದರು. ಸುತ್ತ ತಗಡಿನ ಗೋಡೆ ಇದ್ದ ವಾಹನದಲ್ಲೇ ಹೀಗಾಯಿತು.

ಹುಬ್ಬಳ್ಳಿ-ಧಾರವಾಡ ಬೈಪಾಸ್ ವರ್ಷಗಟ್ಟಲೆ ಡಿವೈಡರ್ ಇಲ್ಲದ ಎರಡೇ ಪಥದ ರಸ್ತೆಯಾಗಿತ್ತು. 2021ರ ಜನವರಿ 15ರಂದು ಇಟಿಗಟ್ಟಿ ಹತ್ತಿರ ಟಿಪ್ಪರ್‌ಗೆ ಟೆಂಪೋ ಡಿಕ್ಕಿಯಾಗಿ ದಾವಣಗೆರೆಯ ಹತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ಅದನ್ನು ಅಗಲಿಸಬೇಕೆಂಬ ಕೂಗು ಜೋರಾಯಿತು. ಆರು ಪಥದ ಕೆಲಸ ಕೈಗೆತ್ತಿಕೊಳ್ಳಲಾಯಿತು. ಡಿವೈಡರ್ ಬಂದರೆ ಮುಖಾಮುಖಿ ಡಿಕ್ಕಿ ಕಡಿಮೆಯಾಗುವುದು ಖಂಡಿತ. ಆದರೆ ರಸ್ತೆ ಅಗಲವಾದಷ್ಟೂ ವೇಗ ಏರುತ್ತದೆ, ಕಾರಿಗೂ ಬೈಕಿಗೂ ನಡುವಿನ ವೇಗದ ಅಂತರವೂ ಏರುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಿತಿಯಂತೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100 ಕಿಮೀ, ಬೈಕಿಗೆ 80 ಕಿಮೀ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ನಿಷೇಧಿಸಿದ್ದು ಈ ಅಂತರದ ಕಾರಣಕ್ಕೇ. ಅಂಥದೇ ಪ್ರಶ್ನೆ ನಾಳೆ ಇಲ್ಲಿಗೂ ಬರಬಹುದು. ಬಂದರೆ ಸರ್ವಿಸ್ ರಸ್ತೆ ಎಲ್ಲೂ ತುಂಡಾಗದೆ ಇರಬೇಕು, ಇಲ್ಲದಿದ್ದರೆ ಬೈಕಿನವರು ಎದುರು ದಿಕ್ಕಿನಲ್ಲಿ ನುಗ್ಗುವುದು ಶುರುವಾಗುತ್ತದೆ.

ಯಾರ ವಾದ ಏನು?

ಸರ್ಕಾರದ ಮಾತು ಸರಳ: ಸಾಮಾನ್ಯರ ಬೈಕು ಅಗ್ಗವಾಗಲಿ, ಶೋಕಿಯ ಬೈಕು ಜಾಸ್ತಿ ಕಟ್ಟಲಿ. ತಯಾರಕರ ವಾದ ಬೇರೆ. ಎಲ್ಲ ಬೈಕಿಗೂ ಶೇ 18ರ ಒಂದೇ ದರ ಇರಲಿ ಎಂದು ರಾಯಲ್ ಎನ್‌ಫೀಲ್ಡ್‌ನ ಮಾತೃ ಕಂಪನಿ ಐಷರ್ ಮೋಟಾರ್ಸ್‌ನ ಅಧ್ಯಕ್ಷ ಸಿದ್ಧಾರ್ಥ ಲಾಲ್ ಕೇಳಿದ್ದರು. 350 ಸಿಸಿಗಿಂತ ದೊಡ್ಡ ಬೈಕುಗಳು ಮಾರುಕಟ್ಟೆಯಲ್ಲಿ ಸಣ್ಣ ಪಾಲು, ಅವುಗಳಿಂದ ಬರುವ ತೆರಿಗೆಯೂ ಸಣ್ಣದು, ಆದರೆ ಹೊರದೇಶಕ್ಕೆ ಮಾರುವ ಉದ್ಯಮಕ್ಕೆ ಪೆಟ್ಟು ಎಂಬುದು ಆ ಕಡೆಯ ತರ್ಕ.

ಸುರಕ್ಷತೆಯ ಕಡೆಯಿಂದ ನೋಡಿದರೆ ಎರಡೂ ವಾದ ಮುಖ್ಯ ವಿಷಯವನ್ನು ಮುಟ್ಟುವುದೇ ಇಲ್ಲ. ಯುರೋಪಿನಲ್ಲಿ ಬೈಕಿನ ಲೈಸೆನ್ಸು ಮೆಟ್ಟಿಲು ಮೆಟ್ಟಿಲಾಗಿದೆ. ಮೊದಲು 125 ಸಿಸಿ, ಆಮೇಲೆ 35 ಕಿಲೋವ್ಯಾಟ್‌ವರೆಗೆ, ಅಂದರೆ ಸುಮಾರು 48 ಪಿಎಸ್. ಅದರಲ್ಲಿ ಎರಡು ವರ್ಷ ಕಳೆದ ಮೇಲೆ, ಇಲ್ಲವೇ 24 ತುಂಬಿದ ಮೇಲೆ ದೊಡ್ಡದು. ನಮ್ಮಲ್ಲಿ ಗೇರ್ ಬೈಕಿಗೆ ಒಂದೇ ಲೈಸೆನ್ಸು. 18 ತುಂಬಿದ ಹುಡುಗ 100 ಸಿಸಿ ಬೈಕಿನಲ್ಲಿ ಎಂಟು ಬಿಡಿಸಿ ಟೆಸ್ಟ್ ಪಾಸಾದರೆ ಮರುದಿನ 190 ಪಿಎಸ್‌ನ ಬೈಕು ಓಡಿಸಬಹುದು, ಕಾನೂನು ತಡೆಯುವುದಿಲ್ಲ. ಸರಿಪಡಿಸಬೇಕಾದ್ದು ಇಲ್ಲಿ. ದುಡ್ಡಿದ್ದವರನ್ನು ತೆರಿಗೆ ತಡೆಯುವುದಿಲ್ಲ, ಕಲಿಯದವರನ್ನು ಲೈಸೆನ್ಸು ತಡೆಯಬಲ್ಲದು.

ಮುಂದೇನಾಗಬಹುದು?

ಮೊದಲ ಪರಿಣಾಮ 350 ಸಿಸಿ ಗೆರೆಯ ಕೆಳಗೆ. ಕಂಪನಿಗಳು ಆ ಗೆರೆಯೊಳಗೇ ಜಾಸ್ತಿ ಶಕ್ತಿ ತುಂಬಲು ನೋಡುತ್ತವೆ. ಆಗ ಶೇ 18ರ ಬೈಕುಗಳೇ ಇನ್ನಷ್ಟು ಚುರುಕಾಗುತ್ತವೆ.

ಎರಡನೆಯದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ. ಒಬ್ಬರಿಂದ ಒಬ್ಬರು ನೇರವಾಗಿ ಕೊಂಡರೆ ಜಿಎಸ್‌ಟಿ ಇಲ್ಲ. ಹೊಸ ದೊಡ್ಡ ಬೈಕು ಕೈಗೆಟುಕದವರು ಹಳೆಯದರ ಕಡೆ ತಿರುಗುವುದು ಸಹಜ. 2019ರ ಏಪ್ರಿಲ್‌ಗಿಂತ ಹಳೆಯ ಬೈಕುಗಳಲ್ಲಿ ಎಬಿಎಸ್ ಇಲ್ಲದಿರಬಹುದು. ಚಕ್ರ ಜಾರುವಾಗ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಅಂತೂ ಅಪರೂಪ. ಟೈರು ಸವೆಯದೆ ಹೊಸದರಂತೆ ಕಂಡರೂ ವರ್ಷ ಕಳೆದ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ವಿಮೆಯಲ್ಲೂ ಎಚ್ಚರ ಬೇಕು. ಬೈಕಿನ ಥರ್ಡ್ ಪಾರ್ಟಿ ವಿಮೆ ಗುದ್ದಿಸಿಕೊಂಡವರಿಗೆ, ಓಡಿಸುವವರಿಗಲ್ಲ. ಓಡಿಸುವ ಮಾಲೀಕರಿಗೆ ಇರುವುದು 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ, ಅದಕ್ಕೂ ಚಾಲ್ತಿಯಲ್ಲಿರುವ ಲೈಸೆನ್ಸು ಬೇಕು. ಹಳೆಯ ಬೈಕು ಕೊಂಡಾಗ ಥರ್ಡ್ ಪಾರ್ಟಿ ವಿಮೆ ತಾನಾಗಿಯೇ ಹೊಸ ಮಾಲೀಕರಿಗೆ ಬರುತ್ತದೆ. ಆದರೆ ಸ್ವಂತ ಗಾಡಿಯ ಹಾನಿಯ ವಿಮೆ ಹಾಗೆ ಬರುವುದಿಲ್ಲ. 14 ದಿನದೊಳಗೆ ಹೆಸರು ಬದಲಿಸಲು ಅರ್ಜಿ ಕೊಡದಿದ್ದರೆ, ಬೈಕಿನ ಹಾನಿಗೆ ಪರಿಹಾರ ಕೇಳಿದಾಗ ವಿಮಾ ಕಂಪನಿ ಇಲ್ಲ ಎನ್ನಬಹುದು.